ಸಾಗರ ದಾಟಿದ ಪುಟ್ಟ ಎಂಜಿನು

ಯಂತ್ರಗಳ ಲೋಕದಲ್ಲಿ ದೊಡ್ಡದಕ್ಕೆ ದೊರೆಯುವ ಮರ್ಯಾದೆ ಚಿಕ್ಕದಕ್ಕೆ ದೊರೆಯುವುದು ಅಪರೂಪ. ರೈಲಿನ ಎಂಜಿನನ್ನು ನಾವು ನಿಂತು ನೋಡುತ್ತೇವೆ. ವಿಮಾನದ ಸದ್ದು ಕೇಳಿದರೆ ಕತ್ತೆತ್ತಿ ಆಕಾಶವನ್ನು ಅರಸುತ್ತೇವೆ. ಅಂಗೈಯಲ್ಲಿ ಅಡಗುವ ಎಂಜಿನನ್ನು ಮಾತ್ರ ಆಟಿಕೆಯೆಂದು ಬದಿಗಿಡುತ್ತೇವೆ. ಆದರೆ ೨೦೦೩ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಅಂಥದೊಂದು ಪುಟ್ಟ ಎಂಜಿನು ಐದು ಕಿಲೋಗ್ರಾಮಿಗಿಂತ ಕಡಿಮೆ ತೂಕದ ಮಾದರಿ ವಿಮಾನವನ್ನು ಹೊತ್ತು ಅಟ್ಲಾಂಟಿಕ್ ಮಹಾಸಾಗರವನ್ನು ದಾಟಿತು. ಅದು ಎಲ್ಲಿಯೂ ಇಳಿಯಲಿಲ್ಲ. ನಡುವೆ ಒಮ್ಮೆಯೂ ಇಂಧನ ತುಂಬಿಸಿಕೊಳ್ಳಲಿಲ್ಲ. ಹೊರಡುವಾಗ ಅದರ ತೊಟ್ಟಿಯಲ್ಲಿದ್ದ ಇಂಧನ ಒಂದು ಅಮೆರಿಕನ್ ಗ್ಯಾಲನಿಗಿಂತ, ಎಂದರೆ ಸುಮಾರು ೩.೮ ಲೀಟರಿಗಿಂತ ಕಡಿಮೆ.

ಈ ಸಾಹಸದ ಹಿಂದೆ ಇದ್ದದ್ದು ಅಪಾರವಾದ ಬಲವಲ್ಲ, ಅಪಾರವಾದ ಮಿತವ್ಯಯ. ಆ ಮಿತವ್ಯಯದ ಮರ್ಮವನ್ನು ತಿಳಿಯಬೇಕಾದರೆ ಮೊದಲು ಇಂಥ ಎಂಜಿನುಗಳ ಸ್ವಭಾವವನ್ನು ಅರಿಯಬೇಕು.

ಮಾದರಿ ವಿಮಾನದ ಸಾಮಾನ್ಯ ಎಂಜಿನು ನೋಡುವುದಕ್ಕೆ ಸರಳವಾದುದು. ಒಂದು ಸಿಲಿಂಡರು, ಅದರೊಳಗೆ ಮೇಲಕ್ಕೂ ಕೆಳಕ್ಕೂ ಆಡುವ ಒಂದು ಪಿಸ್ಟನ್, ಅದು ತಿರುಗಿಸುವ ಒಂದು ದಂಡ, ದಂಡದ ತುದಿಗೆ ಗಾಳಿಯನ್ನು ಹಿಂದಕ್ಕೆ ತಳ್ಳುವ ಪ್ರೊಪೆಲರು. ಸಿಲಿಂಡರಿನ ನೆತ್ತಿಯಲ್ಲಿ ಪ್ಲಾಟಿನಂ ಬೆರೆತ ಸಣ್ಣ ತಂತಿಯ ಸುರುಳಿಯೊಂದಿರುತ್ತದೆ. ಎಂಜಿನನ್ನು ಹೂಡುವಾಗ ಬ್ಯಾಟರಿಯಿಂದ ಆ ಸುರುಳಿಯನ್ನು ಕೆಂಪಗೆ ಕಾಯಿಸುತ್ತಾರೆ. ಎಂಜಿನು ನಡೆಯತೊಡಗಿದ ಮೇಲೆ ಬ್ಯಾಟರಿಯನ್ನು ತೆಗೆದುಬಿಡಬಹುದು. ಮೆಥನಾಲ್ ಆವಿಯು ಪ್ಲಾಟಿನಮ್ಮನ್ನು ತಾಗಿದಾಗ ಉಂಟಾಗುವ ಶಾಖ ಮತ್ತು ಹಿಂದಿನ ದಹನದ ಶಾಖ ಎರಡೂ ಸೇರಿ ಸುರುಳಿಯನ್ನು ಕೆಂಡವಾಗಿಯೇ ಉಳಿಸುತ್ತವೆ. ಕಿಡಿ ಹಾರಿಸುವ ಸಲಕರಣೆಯ ಭಾರವೇ ಇಲ್ಲದ ಈ ಉಪಾಯವು ಹಗುರವಾದ ವಿಮಾನಗಳಿಗೆ ವರವಾಯಿತು. ಇಂಥ ಎಂಜಿನಿನ ಇಂಧನದಲ್ಲಿ ಮೆಥನಾಲಿನ ಜೊತೆಗೆ ಸುಮಾರು ಐದರಲ್ಲೊಂದು ಪಾಲು ಎಣ್ಣೆಯನ್ನು ಬೆರೆಸುವುದು ವಾಡಿಕೆ. ಆ ಎಣ್ಣೆ ನಮಗೆ ಚಿರಪರಿಚಿತವಾದ ಹರಳೆಣ್ಣೆಯೇ ಆಗಿರುವುದುಂಟು. ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಹರಳುಗಿಡದ ಬೀಜದಿಂದ ಬಂದ ಎಣ್ಣೆಯು ಕಾದ ಲೋಹದ ಮೇಲೂ ಬೇಗನೆ ಕೆಡದೆ ತೆಳುಪರೆಯಾಗಿ ನಿಲ್ಲುತ್ತದೆ. ಮೊದಲನೆಯ ಮಹಾಯುದ್ಧದ ಕಾಲದ ಅನೇಕ ವಿಮಾನಗಳ ಎಂಜಿನುಗಳಿಗೂ ಇದೇ ಎಣ್ಣೆಯನ್ನು ಬಳಸುತ್ತಿದ್ದರು.

ಇಷ್ಟು ಚೊಕ್ಕವಾದ ಯಂತ್ರಕ್ಕೆ ಒಂದು ದೊಡ್ಡ ದೋಷವಿದೆ: ಅದು ಹೊಟ್ಟೆಬಾಕ. ಹತ್ತು ಘನ ಸೆಂಟಿಮೀಟರಿನ, ಎಂದರೆ ಎರಡು ಸಣ್ಣ ಚಮಚೆಗಳಷ್ಟು ಒಳಗಾತ್ರದ ಸಾಮಾನ್ಯ ಮೆಥನಾಲ್ ಎಂಜಿನು ಪೂರ್ಣ ವೇಗದಲ್ಲಿ ನಡೆದರೆ ೩೫೦ ಮಿಲಿಲೀಟರು ಇಂಧನವನ್ನು ಕಾಲು ಗಂಟೆಯೊಳಗೆ ಬರಿದುಮಾಡುತ್ತದೆ. ಈ ಲೆಕ್ಕದಲ್ಲಿ ೩.೮ ಲೀಟರು ಇಂಧನ ಮೂರು ಗಂಟೆಗೂ ಸಾಲದು. ಅಟ್ಲಾಂಟಿಕ್ ಸಾಗರವನ್ನು ದಾಟಲು ಬೇಕಾದದ್ದು ಒಂದೂವರೆ ದಿನಕ್ಕೂ ಹೆಚ್ಚಿನ ಕಾಲ!

ಹಾಗಾದರೆ ದೊಡ್ಡ ತೊಟ್ಟಿಯನ್ನು ಕಟ್ಟಿದರಾಯಿತಲ್ಲವೆ ಎಂದು ಯಾರಿಗಾದರೂ ತೋರೀತು. ನೆಲದ ಮೇಲೆ ಓಡುವ ಬಂಡಿಗೆ ಈ ಉಪಾಯ ಸಲ್ಲುತ್ತದೆ. ಹಾರುವ ಯಂತ್ರಕ್ಕೆ ಇದು ಬಹುದೂರ ಸಲ್ಲುವುದಿಲ್ಲ. ಇಂಧನಕ್ಕೆ ತೂಕವಿದೆ. ತೂಕ ಹೆಚ್ಚಿದರೆ ರೆಕ್ಕೆಗಳು ಹೆಚ್ಚು ಎತ್ತಬೇಕು. ಹೆಚ್ಚು ಎತ್ತಿದರೆ ಗಾಳಿಯ ತಡೆ ಹೆಚ್ಚುತ್ತದೆ. ತಡೆಯನ್ನು ಗೆಲ್ಲಲು ಎಂಜಿನು ಹೆಚ್ಚು ದುಡಿಯಬೇಕು. ಹೆಚ್ಚು ದುಡಿದರೆ ಹೆಚ್ಚು ಇಂಧನ ಬೇಕು. ಸಾಲ ತೀರಿಸಲು ಸಾಲ ಮಾಡಿದವನ ಪಾಡಿನಂತೆ ಇದು. ಇದರ ಮೇಲೆ, ಅಂತರರಾಷ್ಟ್ರೀಯ ವಾಯುಯಾನ ಸಂಸ್ಥೆಯ ದಾಖಲೆಗೆ ಸೇರಬೇಕಾದರೆ ಮಾದರಿ ವಿಮಾನವು ಇಂಧನ ಸಹಿತವಾಗಿ ಐದು ಕಿಲೋಗ್ರಾಮನ್ನು ಮೀರಬಾರದೆಂಬ ನಿಯಮವಿತ್ತು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ತೊಟ್ಟಿಯನ್ನು ಹಿಗ್ಗಿಸಲಾಗದವನಿಗೆ ಉಳಿದ ದಾರಿ ಒಂದೇ. ಹನಿಹನಿಯೂ ಎಲ್ಲಿ ಸೋರಿಹೋಗುತ್ತಿದೆಯೆಂದು ಹುಡುಕುವುದು.

ಹಾಗೆ ಹುಡುಕಿದವರು ಅಮೆರಿಕದ ಮೇನಾರ್ಡ್ ಹಿಲ್. ೧೯೨೬ರಲ್ಲಿ ಹುಟ್ಟಿದ ಅವರು ಲೋಹವಿಜ್ಞಾನಿ. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದ ಆನ್ವಯಿಕ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರು. ಮಾದರಿ ವಿಮಾನಗಳು ಅವರ ಜೀವನದ ಗೀಳಾಗಿದ್ದವು. ೧೯೭೦ರಲ್ಲಿ ಅವರ ಮಾದರಿ ವಿಮಾನವೊಂದು ಎಂಟು ಸಾವಿರ ಮೀಟರಿಗೂ ಮೇಲೆ ಏರಿತ್ತು. ೧೯೯೨ರಲ್ಲಿ ಇನ್ನೊಂದು ೩೩ ಗಂಟೆಗಳಿಗೂ ಹೆಚ್ಚು ಕಾಲ ಎಡೆಬಿಡದೆ ಹಾರಿತ್ತು. ಅಷ್ಟಕ್ಕೆ ತೃಪ್ತರಾಗದೆ ಅವರು ಸಾಗರವನ್ನು ದಾಟುವ ಕನಸು ಕಂಡರು. ಅವರೂ ಅವರ ಗೆಳೆಯರೂ ಸೋರಿಕೆಗಳನ್ನು ಒಂದೊಂದಾಗಿ ಮುಚ್ಚಿದ ಬಗೆಯನ್ನು ಈಗ ನೋಡೋಣ.

ಮೊದಲನೆಯ ಸೋರಿಕೆ ಇಂಧನದಲ್ಲಿಯೇ ಇತ್ತು. ಒಂದು ಕಿಲೋಗ್ರಾಂ ಮೆಥನಾಲ್ ಉರಿದರೆ ದೊರೆಯುವ ಶಕ್ತಿ ಸುಮಾರು ೨೦ ಮೆಗಾಜೂಲ್. ಅಷ್ಟೇ ತೂಕದ ಪೆಟ್ರೋಲಿನಿಂದ ಸುಮಾರು ೪೪ ಮೆಗಾಜೂಲ್. ಮೆಥನಾಲಿನ ಅಣುವಿನಲ್ಲಿ ಮೊದಲೇ ಆಮ್ಲಜನಕ ಸೇರಿಕೊಂಡಿರುವುದರಿಂದ ಅದು ಅರ್ಧ ಉರಿದ ಸೌದೆಯಂತೆ. ಒಂದು ಗ್ರಾಂ ಮೆಥನಾಲ್ ಉರಿಯಲು ಆರೂವರೆ ಗ್ರಾಂ ಗಾಳಿ ಸಾಕು. ಒಂದು ಗ್ರಾಂ ಪೆಟ್ರೋಲಿಗೆ ಸುಮಾರು ಹದಿನೈದು ಗ್ರಾಂ ಬೇಕು. ಹೀಗಾಗಿ ಎಂಜಿನು ಒಂದು ಉಸಿರು ಗಾಳಿ ಎಳೆದುಕೊಂಡಾಗಲೆಲ್ಲ ಪೆಟ್ರೋಲಿನ ಇಮ್ಮಡಿಗೂ ಮೀರಿ ಮೆಥನಾಲನ್ನು ನುಂಗುತ್ತದೆ. ಹಿಲ್ ಮೆಥನಾಲನ್ನು ಕೈಬಿಟ್ಟು, ಬಯಲಿನಲ್ಲಿ ಬಿಡಾರ ಹೂಡುವವರು ಒಲೆಗೂ ದೀಪಕ್ಕೂ ಬಳಸುವ, ಪೆಟ್ರೋಲನ್ನು ಹೋಲುವ ಶುದ್ಧ ಇಂಧನವನ್ನು ಆರಿಸಿಕೊಂಡರು. ಆ ಇಂಧನವು ಕಾದ ಸುರುಳಿಯಿಂದ ಸರಿಯಾಗಿ ಹೊತ್ತಿಕೊಳ್ಳದಾದುದರಿಂದ ವಿದ್ಯುತ್ ಕಿಡಿಯ ಸಲಕರಣೆಯನ್ನು ಅಳವಡಿಸಿದರು. ಸಲಕರಣೆಯ ತೂಕ ಹೆಚ್ಚಾಯಿತು, ನಿಜ; ಉಳಿದ ಇಂಧನದ ತೂಕ ಅದನ್ನು ಎಷ್ಟೋ ಪಾಲು ಮೀರಿಸಿತು.

ಎರಡನೆಯ ಸೋರಿಕೆ ಎಂಜಿನಿನ ರಚನೆಯಲ್ಲಿತ್ತು. ಸಾಮಾನ್ಯ ಮಾದರಿ ಎಂಜಿನು ಎರಡು ಹೊಡೆತದ್ದು. ಅದರಲ್ಲಿ ಹೊಸ ಮಿಶ್ರಣ ಒಳಗೆ ನುಗ್ಗುವುದೂ ಹಳೆಯ ಹೊಗೆ ಹೊರಗೆ ಹೋಗುವುದೂ ಒಂದೇ ಸಮಯದಲ್ಲಿ ನಡೆಯುತ್ತವೆ. ಜಾತ್ರೆಯಲ್ಲಿ ಒಂದೇ ಬಾಗಿಲಿನ ಬಳಿ ಬರುವವರೂ ಹೋಗುವವರೂ ಕಲೆತರೆ ಈಗತಾನೆ ಬಂದವರೂ ಕೆಲವರು ಹೊರಕ್ಕೆ ತಳ್ಳಲ್ಪಡುವಂತೆ, ಉರಿಯದ ಇಂಧನವೂ ಹೊಗೆಯೊಡನೆ ಹೊರಗೆ ಹೋಗಿಬಿಡುತ್ತದೆ. ಒಂದು ಕಾಲಕ್ಕೆ ನಮ್ಮ ಊರುಗಳ ಬೀದಿಗಳಲ್ಲಿ ನೀಲಿ ಹೊಗೆಯನ್ನು ಬಿಡುತ್ತ ಓಡುತ್ತಿದ್ದ ಸ್ಕೂಟರುಗಳ ಎಂಜಿನು ಈ ಬಗೆಯದೇ. ಹೊಗೆಯ ನಿಯಮಗಳು ಬಿಗಿಯಾದಂತೆ ಅವು ನಾಲ್ಕು ಹೊಡೆತದ ಎಂಜಿನುಗಳಿಗೆ ಎಡೆಬಿಟ್ಟುಕೊಟ್ಟವು. ನಾಲ್ಕು ಹೊಡೆತದ ಎಂಜಿನಿನಲ್ಲಿ ಎಳೆದುಕೊಳ್ಳುವುದು, ಒತ್ತುವುದು, ಉರಿಯುವುದು, ಹೊರಹಾಕುವುದು ಎಂಬ ನಾಲ್ಕು ಕೆಲಸಗಳಿಗೂ ಬೇರೆಬೇರೆ ಸಮಯವಿದೆ. ಬಾಗಿಲುಗಳಿಗೆ ಕಾವಲಾಗಿ ಕವಾಟಗಳಿವೆ. ಹಿಲ್ ಆರಿಸಿದ್ದು ಜಪಾನಿನ ಓ.ಎಸ್. ಸಂಸ್ಥೆಯ ಹತ್ತು ಘನ ಸೆಂಟಿಮೀಟರಿನ ನಾಲ್ಕು ಹೊಡೆತದ ಎಂಜಿನನ್ನು.

ಮೂರನೆಯ ಸೋರಿಕೆ ಮಿಶ್ರಣದ ಹದದಲ್ಲಿತ್ತು. ಗಾಳಿಗೆ ಎಷ್ಟು ಇಂಧನ ಬೆರೆಯಬೇಕೆಂಬುದನ್ನು ಒಂದು ಸೂಜಿ ನಿರ್ಧರಿಸುತ್ತದೆ. ಸೂಜಿಯನ್ನು ಒಂದಿಷ್ಟು ಹಿಂದಕ್ಕೆ ತಿರುಗಿಸಿದರೆ ಇಂಧನ ಹೆಚ್ಚಾಗಿ ಬರುತ್ತದೆ. ಎಂಜಿನು ತಂಪಾಗಿ, ಸುಖವಾಗಿ, ದುಂದಾಗಿ ನಡೆಯುತ್ತದೆ. ಮುಂದಕ್ಕೆ ತಿರುಗಿಸಿದರೆ ಇಂಧನ ಉಳಿಯುತ್ತದೆ. ಆದರೆ ಹದ ತಪ್ಪಿದರೆ ಎಂಜಿನು ಕಾದು ಹಿಡಿದುಕೊಳ್ಳಬಹುದು, ಇಲ್ಲವೆ ಉಸಿರುಕಟ್ಟಿ ನಿಲ್ಲಬಹುದು. ಸಾಗರದ ನಡುವೆ ನಿಂತ ಎಂಜಿನನ್ನು ಮತ್ತೆ ಹೂಡುವವರು ಯಾರು? ಆದುದರಿಂದ ಮಿತವ್ಯಯಕ್ಕೂ ಒಂದು ಮಿತಿಯಿದೆ. ಉಪವಾಸವಿರಿಸಿ ದುಡಿಸುವುದು ಮಿತವ್ಯಯವಲ್ಲ.

ಈ ಹದವು ಗಂಟೆಗಟ್ಟಲೆ ಒಂದೇ ಸಮನಾಗಿ ನಿಲ್ಲಬೇಕೆಂಬುದು ಇನ್ನೂ ಕಠಿಣವಾದ ಸಮಸ್ಯೆ. ತೊಟ್ಟಿ ತುಂಬಿದ್ದಾಗ ಇಂಧನದ ಮಟ್ಟ ಎತ್ತರದಲ್ಲಿರುತ್ತದೆ. ಅದರ ಒತ್ತಡದಿಂದ ಇಂಧನ ಧಾರಾಳವಾಗಿ ಹರಿಯುತ್ತದೆ. ಮಟ್ಟ ಇಳಿದಂತೆ ಹರಿವೂ ಇಳಿಯುತ್ತದೆ. ಸೂಜಿಯನ್ನು ಯಾರೂ ಮುಟ್ಟದಿದ್ದರೂ ಮಿಶ್ರಣ ತಾನಾಗಿಯೇ ತೆಳುವಾಗುತ್ತದೆ. ಇದಕ್ಕೆ ಮಾದರಿ ವಿಮಾನ ಕಟ್ಟುವವರು ಒಂದು ಹಳೆಯ ಉಪಾಯವನ್ನು ಬಳಸುವುದುಂಟು. ತೊಟ್ಟಿಯನ್ನು ಬಿಗಿಯಾಗಿ ಮುಚ್ಚಿ, ಗಾಳಿ ಬರುವ ಕೊಳವೆಯ ತುದಿಯನ್ನು ಇಂಧನದೊಳಗೆ, ಇಂಧನ ಹೋಗುವ ಕೊಳವೆಯ ಬಾಯಿಯ ಹತ್ತಿರಕ್ಕೇ ಇಳಿಸುತ್ತಾರೆ. ಆಗ ಗಾಳಿಯು ಗುಳ್ಳೆಗುಳ್ಳೆಯಾಗಿ ಆ ತುದಿಯಿಂದಲೇ ಒಳಗೆ ಬರಬೇಕಾಗುತ್ತದೆ. ಮೇಲೆ ಇಂಧನ ಎಷ್ಟೇ ಇರಲಿ, ಆ ತುದಿಯ ಬಳಿಯ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕೆ ಸಮನಾಗಿಯೇ ಉಳಿಯುತ್ತದೆ. ಹದಿನೇಳನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಮಾರಿಯೋಟನ ಹೆಸರಿನಿಂದ ಪ್ರಸಿದ್ಧವಾಗಿರುವ ಸೀಸೆಯ ತತ್ತ್ವವೂ ಇದೇ. ಒಂದು ಸೀಸೆ, ಒಂದು ಬಿರಡೆ, ಎರಡು ಕೊಳವೆಗಳು ಇದ್ದರೆ ಈ ಪ್ರಯೋಗವನ್ನು ನಿಮ್ಮ ಶಾಲೆಯಲ್ಲಿ ನೀರಿನಿಂದ ನೀವೇ ಮಾಡಿ ನೋಡಬಹುದು.

ನಾಲ್ಕನೆಯ ಸೋರಿಕೆ ಅವಸರದಲ್ಲಿತ್ತು. ಗಾಳಿಯ ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ವೇಗ ಇಮ್ಮಡಿಯಾದರೆ ಈ ತಡೆ ನಾಲ್ಮಡಿ. ಆ ತಡೆಯ ವಿರುದ್ಧ ಇಮ್ಮಡಿ ವೇಗದಿಂದ ಸಾಗಲು ಬೇಕಾದ ಸಾಮರ್ಥ್ಯ ಎಂಟುಮಡಿ. ಹಾಗೆಂದು ತೀರ ನಿಧಾನವಾಗಿ ಹೋದರೆ ರೆಕ್ಕೆಗಳು ವಿಮಾನವನ್ನು ಎತ್ತಿಹಿಡಿಯಲಾರವು. ಈ ಎರಡರ ನಡುವೆ ಇಂಧನ ಕನಿಷ್ಠವಾಗಿ ವ್ಯಯವಾಗುವ ಒಂದು ವೇಗವಿರುತ್ತದೆ. ಅದನ್ನು ಕಂಡುಕೊಂಡು, ಗಾಳಿಯನ್ನು ಎಳೆದುಕೊಳ್ಳುವ ಬಾಯಿಯನ್ನು ಕಿರಿದುಮಾಡಿ, ನಿಧಾನವಾಗಿ ತಿರುಗುವ ದೊಡ್ಡ ಪ್ರೊಪೆಲರನ್ನು ತೊಡಿಸಿದರೆ ಎಂಜಿನು ನಿಡುಗಾಲ ನಡೆಯುತ್ತದೆ. ವೇಗವಾಗಿ ತಿರುಗುವ ಎಂಜಿನು ತನ್ನೊಳಗಿನ ಉಜ್ಜಾಟಕ್ಕೇ ಹೆಚ್ಚು ಶಕ್ತಿಯನ್ನು ಕಳೆದುಕೊಳ್ಳುತ್ತದೆ. ನಿಧಾನವಾಗಿ ತಿರುಗುವುದು ಅದನ್ನು ಉಳಿಸಿಕೊಳ್ಳುತ್ತದೆ.

ಈ ತತ್ತ್ವ ಚಿಕ್ಕ ಎಂಜಿನುಗಳಿಗೆ ಮಾತ್ರ ಸಲ್ಲುವುದಲ್ಲ. ೧೯೨೭ರಲ್ಲಿ ನ್ಯೂಯಾರ್ಕಿನಿಂದ ಪ್ಯಾರಿಸಿಗೆ ಒಬ್ಬಂಟಿಯಾಗಿ ಹಾರಿದ ಚಾರ್ಲ್ಸ್ ಲಿಂಡ್‌ಬರ್ಗ್ ೧೯೪೪ರಲ್ಲಿ ಪೆಸಿಫಿಕ್ ರಣರಂಗದ ಅಮೆರಿಕನ್ ವಿಮಾನಚಾಲಕರಿಗೆ ಇದನ್ನೇ ಕಲಿಸಿದರು. ಎಂಜಿನಿನ ಸುತ್ತುಗಳನ್ನು ತಗ್ಗಿಸಿ, ಮಿಶ್ರಣವನ್ನು ತೆಳುಮಾಡಿ, ಒಳಗಿನ ಒತ್ತಡವನ್ನು ಹೆಚ್ಚಿಸಿದರೆ ಅದೇ ಇಂಧನದಲ್ಲಿ ಎಷ್ಟೋ ಹೆಚ್ಚು ದೂರ ಹೋಗಿ ಬರಬಹುದೆಂದು ತಾವೇ ಹಾರಿ ತೋರಿಸಿದರು.

ಇಷ್ಟಾದರೂ ಒಂದು ಸೋರಿಕೆಯನ್ನು ಮುಚ್ಚಲು ಯಾರಿಂದಲೂ ಆಗದು. ಚಿಕ್ಕ ಎಂಜಿನಿಗೆ ಅದರ ಚಿಕ್ಕತನವೇ ಶತ್ರು. ಒಂದು ಸೆಂಟಿಮೀಟರು ಅಂಚಿನ ಘನದ ಗಾತ್ರ ಒಂದು ಘನ ಸೆಂಟಿಮೀಟರು, ಮೈ ಆರು ಚದರ ಸೆಂಟಿಮೀಟರು. ಎರಡು ಸೆಂಟಿಮೀಟರು ಅಂಚಿನ ಘನದ ಗಾತ್ರ ಎಂಟು, ಮೈ ಇಪ್ಪತ್ತನಾಲ್ಕು. ಚಿಕ್ಕದರಲ್ಲಿ ಒಂದು ಪಾಲು ಗಾತ್ರಕ್ಕೆ ಆರು ಪಾಲು ಮೈ. ದೊಡ್ಡದರಲ್ಲಿ ಮೂರೇ ಪಾಲು. ಶಾಖ ಹುಟ್ಟುವುದು ಗಾತ್ರದಲ್ಲಿ, ಕಳೆದುಹೋಗುವುದು ಮೈಯಿಂದ. ಬಟ್ಟಲಿನ ಹಾಲು ಹಂಡೆಯ ಹಾಲಿಗಿಂತ ಬೇಗ ಆರುವುದಕ್ಕೂ ಇದೇ ಕಾರಣ. ಆದಕಾರಣ ಚಿಕ್ಕ ಎಂಜಿನು ಎಷ್ಟೇ ಜಾಣತನದಿಂದ ನಡೆದರೂ ದೊಡ್ಡದರಷ್ಟು ದಕ್ಷವಾಗಲಾರದು. ಈ ಎಲ್ಲೆಯನ್ನು ಅರಿತೇ ಹಿಲ್ ಉಳಿದ ಎಲ್ಲ ಕಡೆಯೂ ಹನಿಯನ್ನು ಕಾಯಬೇಕಾಯಿತು.

ಅವರ ವಿಮಾನದ ರೆಕ್ಕೆಗಳ ಅಗಲ ಸುಮಾರು ೧.೮ ಮೀಟರು. ಹಗುರವಾದ ಬಾಲ್ಸಾ ಮರ, ಗಾಜಿನ ನಾರು, ತೆಳುವಾದ ಪ್ಲಾಸ್ಟಿಕ್ ಹೊದಿಕೆ ಇವೇ ಅದರ ಒಡಲು. ಹೊರಡುವಾಗ ಅದರ ತೂಕದಲ್ಲಿ ಅರ್ಧಕ್ಕೆ ಸಮೀಪ ಇಂಧನವೇ. ಪರೀಕ್ಷೆಯ ಹಾರಾಟಗಳು ನಡೆದ ಹೊಲದ ನೆನಪಿಗಾಗಿ ಅದಕ್ಕೆ ‘ದಿ ಸ್ಪಿರಿಟ್ ಆಫ್ ಬಟ್ಸ್ ಫಾರ್ಮ್’ ಎಂದು ಹೆಸರಿಟ್ಟರು. ಅದಕ್ಕೆ ‘ಟ್ಯಾಮ್–೫’ ಎಂಬ ಇನ್ನೊಂದು ಹೆಸರೂ ಇತ್ತು. ಐದು ಎಂಬ ಆ ಅಂಕೆಯೇ ಒಂದು ಕಥೆಯನ್ನು ಹೇಳುತ್ತದೆ. ಅದಕ್ಕಿಂತ ಹಿಂದೆ ಹೊರಟ ವಿಮಾನಗಳು ಯಾವುವೂ ಆಚೆಯ ದಡವನ್ನು ಕಾಣಲಿಲ್ಲ. ೨೦೦೨ರ ಬೇಸಗೆಯ ಪ್ರಯತ್ನಗಳೂ ೨೦೦೩ರ ಮೊದಲ ಪ್ರಯತ್ನವೂ ವಿಫಲವಾದವು. ತಿಂಗಳುಗಟ್ಟಲೆ ಕುಳಿತು ಕಟ್ಟಿದ ಯಂತ್ರ ಗಂಟೆಗಳಲ್ಲಿ ಕಣ್ಮರೆಯಾದರೆ ಎಂಥವರ ಮನಸ್ಸೂ ಕುಗ್ಗುತ್ತದೆ. ಹಿಲ್ ಕುಗ್ಗಲಿಲ್ಲ. ಆಗ ಅವರಿಗೆ ವಯಸ್ಸು ಎಪ್ಪತ್ತೇಳು. ಕಣ್ಣಿನ ದೃಷ್ಟಿ ಬಹುಮಟ್ಟಿಗೆ ಅಳಿದಿತ್ತು, ಕಿವಿಯೂ ಮಂದವಾಗಿತ್ತು. ತಾನು ಕಟ್ಟಿದ ವಿಮಾನವನ್ನು ಆಕಾಶದಲ್ಲಿ ಕಾಣುವುದೂ ಅದರ ಸದ್ದನ್ನು ಆಲಿಸುವುದೂ ಕಷ್ಟವಾದ ವಯಸ್ಸಿನಲ್ಲಿ ಅವರು ಈ ಕೆಲಸವನ್ನು ಮುಂದುವರಿಸಿದರು. ಗೆಳೆಯರ ಗುಂಪೊಂದು ಅವರಿಗೆ ಕಣ್ಣೂ ಕಿವಿಯೂ ಆಗಿ ನಿಂತಿತು.

೨೦೦೩ರ ಆಗಸ್ಟ್ ೯ರ ಸಂಜೆ ಕೆನಡಾ ದೇಶದ ನ್ಯೂಫೌಂಡ್‌ಲ್ಯಾಂಡಿನ ಕೇಪ್ ಸ್ಪಿಯರ್ ಎಂಬ ಭೂಶಿರದಲ್ಲಿ ಹಿಲ್ ತಮ್ಮ ಕೈಯಿಂದಲೇ ವಿಮಾನವನ್ನು ಗಾಳಿಗೆ ಬಿಟ್ಟರು. ಮೊದಲು ಕೆಲವು ನಿಮಿಷ ನೆಲದಿಂದ ರೇಡಿಯೋ ಮೂಲಕ ಅದನ್ನು ನಡೆಸಿ, ಅನಂತರ ಅದರೊಳಗಿದ್ದ ಸ್ವಯಂಚಾಲಕಕ್ಕೆ ಒಪ್ಪಿಸಿದರು. ಉಪಗ್ರಹಗಳ ಸಂಕೇತದಿಂದ ತನ್ನ ನೆಲೆಯನ್ನು ತಾನೇ ತಿಳಿದುಕೊಳ್ಳುತ್ತ, ಸುಮಾರು ಮುನ್ನೂರು ಮೀಟರು ಎತ್ತರದಲ್ಲಿ ಆ ಪುಟ್ಟ ಹಕ್ಕಿ ಪೂರ್ವಕ್ಕೆ ಹಾರಿತು. ಆ ಸಾಗರದ ಮೇಲೆ ಸಾಮಾನ್ಯವಾಗಿ ಪಶ್ಚಿಮದಿಂದ ಬೀಸುವ ಗಾಳಿಯೇ ಅದಕ್ಕೆ ಬೆನ್ನೊತ್ತಾಸೆ. ಕೆಳಗೆ ಕತ್ತಲೆ, ಸುತ್ತ ಕತ್ತಲೆ. ನಡುವೆ ಕೆಲವು ಗಂಟೆಗಳ ಕಾಲ ಅದರ ಸಂದೇಶಗಳು ಬಾರದೆ ನಿಂತವು. ಮತ್ತೊಂದು ವಿಮಾನವೂ ನೀರುಪಾಲಾಯಿತೇ ಎಂದು ದಡದಲ್ಲಿದ್ದವರು ಕಳವಳಗೊಂಡರು. ಅನಂತರ ಸಂದೇಶ ಮತ್ತೆ ಬಂದಿತು; ಎಂಜಿನು ನಡೆಯುತ್ತಲೇ ಇತ್ತು.

ಆಗಸ್ಟ್ ೧೧ರಂದು ಐರ್ಲೆಂಡಿನ ಪಶ್ಚಿಮ ಕರಾವಳಿಯ ಕ್ಲಿಫ್ಡನ್ ಪಟ್ಟಣದ ಬಳಿಯ ಮ್ಯಾನಿನ್ ಕಡಲತೀರದಲ್ಲಿ ಕಾದಿದ್ದವರಿಗೆ ಅದು ಕಾಣಿಸಿತು. ಡೇವ್ ಬ್ರೌನ್ ಎಂಬವರು ರೇಡಿಯೋ ಮೂಲಕ ಅದನ್ನು ವಶಕ್ಕೆ ತೆಗೆದುಕೊಂಡು ಮೆಲ್ಲನೆ ನೆಲಕ್ಕಿಳಿಸಿದರು. ಹಾರಾಟದ ಅವಧಿ ೩೮ ಗಂಟೆ ೫೨ ನಿಮಿಷ. ದೂರ ಸುಮಾರು ೩,೦೩೦ ಕಿಲೋಮೀಟರು. ಗಂಟೆಗೆ ಸುಮಾರು ೭೮ ಕಿಲೋಮೀಟರು ವೇಗದಲ್ಲಿ ಸಾಗಿದ ಅದು ಪ್ರತಿ ಗಂಟೆಗೂ ಬಳಸಿದ ಇಂಧನ ನೂರು ಮಿಲಿಲೀಟರಿಗಿಂತ ಕಡಿಮೆ. ತೊಟ್ಟಿಯಲ್ಲಿ ಉಳಿದದ್ದು ಅತ್ಯಲ್ಪ. ೧೯೧೯ರ ಜೂನ್ ತಿಂಗಳಿನಲ್ಲಿ ಅಲ್ಕಾಕ್ ಮತ್ತು ಬ್ರೌನ್ ಎಂಬ ವೀರರು ನ್ಯೂಫೌಂಡ್‌ಲ್ಯಾಂಡಿನಿಂದ ಹೊರಟು, ಎಲ್ಲಿಯೂ ನಿಲ್ಲದೆ ಅಟ್ಲಾಂಟಿಕ್ ದಾಟಿದ ಮೊದಲ ವಿಮಾನವನ್ನು ಇಳಿಸಿದ್ದೂ ಕ್ಲಿಫ್ಡನ್ ಬಳಿಯೇ. ೧೯೯೮ರ ಆಗಸ್ಟ್ ತಿಂಗಳಿನಲ್ಲಿ ‘ಏರೋಸಾಂಡ್’ ಎಂಬ ಚಾಲಕರಹಿತ ವಿಮಾನವೂ ಸಾಗರವನ್ನು ದಾಟಿತ್ತು. ಆದರೆ ಅದರ ತೂಕ ಇದರ ಎರಡು ಪಾಲಿಗೂ ಹೆಚ್ಚು. ಮಾದರಿ ವಿಮಾನವೊಂದು ದಾಟಿದ್ದು ಇದೇ ಮೊದಲು. ಅದು ಇಳಿದ ಹೊತ್ತಿನಲ್ಲಿ ಹಿಲ್ ಇದ್ದದ್ದು ಸಾಗರದ ಈಚೆಯ ನ್ಯೂಫೌಂಡ್‌ಲ್ಯಾಂಡಿನಲ್ಲಿ. ಸುದ್ದಿ ಅವರನ್ನು ಅಲ್ಲಿ ಮುಟ್ಟಿತು. ಅವರು ೨೦೧೧ರಲ್ಲಿ ತೀರಿಕೊಂಡರು.

ಇಂದು ಮಾದರಿ ವಿಮಾನಗಳಲ್ಲಿ ಹೆಚ್ಚಿನವು ಬ್ಯಾಟರಿಯಿಂದ ನಡೆಯುತ್ತವೆ. ನಮ್ಮ ದೇಶದಲ್ಲಿಯೂ ಎನ್.ಸಿ.ಸಿ.ಯ ವಾಯುವಿಭಾಗದಲ್ಲಿ ವಿದ್ಯಾರ್ಥಿಗಳಿಗೆ ಮಾದರಿ ವಿಮಾನಗಳನ್ನು ಕಟ್ಟುವುದನ್ನು ಕಲಿಸುತ್ತಾರೆ. ಇಂಧನ ಯಾವುದೇ ಇರಲಿ, ಈ ಪುಟ್ಟ ಎಂಜಿನು ಕಲಿಸುವ ಪಾಠ ಹಳೆಯದಾಗುವುದಿಲ್ಲ. ಮಿತವ್ಯಯವೆಂದರೆ ಕೈ ಬಿಗಿಹಿಡಿಯುವುದಷ್ಟೇ ಅಲ್ಲ; ಕಳೆದುಹೋಗುತ್ತಿರುವುದು ಎಲ್ಲಿ, ಏಕೆ ಎಂಬುದನ್ನು ತಿಳಿಯುವುದು. ತಿಳಿಯದೆ ಉಳಿಸಹೊರಟವನು ಬೇಕಾದುದನ್ನೇ ಕತ್ತರಿಸಿ ಎಂಜಿನನ್ನು ನಿಲ್ಲಿಸುತ್ತಾನೆ; ತಿಳಿದು ಉಳಿಸಿದವನು ಬೇಡವಾದುದನ್ನು ಕಳೆದು ಅದನ್ನು ದೂರಕ್ಕೆ ಒಯ್ಯುತ್ತಾನೆ. ಹೊಲಕ್ಕೆ ನೀರೆತ್ತುವ ಪಂಪಿನಲ್ಲಿ, ಮನೆಯ ಒಲೆಯಲ್ಲಿ, ಬೀದಿಯ ದೀಪದಲ್ಲಿ ಇಂಥ ಸೋರಿಕೆಗಳು ಎಷ್ಟೋ ಇವೆ. ಅವುಗಳನ್ನು ಹುಡುಕುವುದಕ್ಕೆ ತೀಕ್ಷ್ಣವಾದ ದೃಷ್ಟಿಗಿಂತಲೂ ತಾಳ್ಮೆಯ ಮನಸ್ಸು ಮುಖ್ಯವೆಂಬುದಕ್ಕೆ ದೃಷ್ಟಿಯನ್ನೇ ಬಹುಮಟ್ಟಿಗೆ ಕಳೆದುಕೊಂಡಿದ್ದ ಆ ವೃದ್ಧರಿಗಿಂತ ಬೇರೆ ಸಾಕ್ಷಿ ಬೇಕಿಲ್ಲ.

ಅಭ್ಯಾಸ

ಅ. ಒಂದೆರಡು ವಾಕ್ಯಗಳಲ್ಲಿ ಉತ್ತರಿಸಿರಿ.
೧. ಮಾದರಿ ಎಂಜಿನಿನಲ್ಲಿ ಪ್ಲಾಟಿನಂ ಸುರುಳಿಯ ಕೆಲಸವೇನು?
೨. ಹರಳೆಣ್ಣೆಯನ್ನು ಇಂಧನದಲ್ಲಿ ಏಕೆ ಬೆರೆಸುತ್ತಾರೆ?
೩. ‘ಟ್ಯಾಮ್–೫’ ಎಂಬ ಹೆಸರಿನಲ್ಲಿರುವ ಅಂಕೆ ಏನನ್ನು ಸೂಚಿಸುತ್ತದೆ?

ಆ. ಐದಾರು ವಾಕ್ಯಗಳಲ್ಲಿ ಉತ್ತರಿಸಿರಿ.
೧. ತೊಟ್ಟಿಯನ್ನು ದೊಡ್ಡದು ಮಾಡುವುದರಿಂದ ಮಾತ್ರವೇ ಹಾರಾಟದ ಅವಧಿಯನ್ನು ಹೆಚ್ಚಿಸಲಾಗದು, ಏಕೆ?
೨. ಎರಡು ಹೊಡೆತದ ಎಂಜಿನಿಗೂ ನಾಲ್ಕು ಹೊಡೆತದ ಎಂಜಿನಿಗೂ ಇರುವ ವ್ಯತ್ಯಾಸವನ್ನು ವಿವರಿಸಿರಿ.
೩. ‘ಚಿಕ್ಕ ಎಂಜಿನಿಗೆ ಅದರ ಚಿಕ್ಕತನವೇ ಶತ್ರು’ — ಈ ಮಾತನ್ನು ಮೂರು ಸೆಂಟಿಮೀಟರು ಅಂಚಿನ ಘನದ ಲೆಕ್ಕದಿಂದ ಸಮರ್ಥಿಸಿರಿ.

ಇ. ಸಂದರ್ಭ ಸಹಿತ ವಿವರಿಸಿರಿ.
೧. “ಉಪವಾಸವಿರಿಸಿ ದುಡಿಸುವುದು ಮಿತವ್ಯಯವಲ್ಲ.”
೨. “ಅನಂತರ ಸಂದೇಶ ಮತ್ತೆ ಬಂದಿತು, ಎಂಜಿನು ನಡೆಯುತ್ತಲೇ ಇತ್ತು.”

ಈ. ನಿಮ್ಮ ಮನೆಯಲ್ಲಿಯೋ ಊರಿನಲ್ಲಿಯೋ ನೀರು, ಇಂಧನ ಅಥವಾ ವಿದ್ಯುತ್ತು ವ್ಯರ್ಥವಾಗುತ್ತಿರುವ ಒಂದು ಎಡೆಯನ್ನು ಗುರುತಿಸಿ, ಅದರ ಕಾರಣವನ್ನೂ ಪರಿಹಾರವನ್ನೂ ಕುರಿತು ಒಂದು ಪುಟದ ಪ್ರಬಂಧ ಬರೆಯಿರಿ.